ಸಣ್ಣ ಜೋಡಿ ಕೈಯಲ್ಲಿದೆ, ಫ್ಲಾಪ್‌ನಲ್ಲಿ ಸೆಟ್ ಬರಲಿಲ್ಲ: ಮುಂದೇನು?

ಐದರ ಜೋಡಿ ಕೇಳಿದ್ದಾರೆ:

ಕ್ಯಾಲಿಫೋರ್ನಿಯಾದ ಬೇ ಏರಿಯಾದಲ್ಲಿದ್ದೇನೆ. ಸ್ಯಾನ್ ಹೋಸೆ ಕಡೆಯ ಕಾರ್ಡ್ ರೂಮ್‌ಗಳಲ್ಲಿ ವಾರಾಂತ್ಯಕ್ಕೆ 1–3 ಡಾಲರಿನ ನೋ ಲಿಮಿಟ್ ಹೋಲ್ಡೆಮ್ ಪೋಕರ್ ಆಡುತ್ತೇನೆ (ಕೈಗೆ ಎರಡು ಎಲೆ, ಮೇಜಿನ ಮೇಲೆ ಎಲ್ಲರಿಗೂ ಸೇರಿದ ಐದು ಎಲೆ; 1 ಮತ್ತು 3 ಎಂದರೆ ಎಲೆ ನೋಡುವ ಮೊದಲೇ ಇಬ್ಬರು ಇಡಬೇಕಾದ ಸಣ್ಣ, ದೊಡ್ಡ ಬ್ಲೈಂಡ್). ಕೂರುವಾಗ ಮುಂದೆ 300 ಡಾಲರ್ ಇರುತ್ತದೆ. ಎಕ್ಕ-ರಾಜ ಬಂದರೆ, ದೊಡ್ಡ ಜೋಡಿ ಬಂದರೆ ಏನು ಮಾಡಬೇಕೆಂಬ ಅಂದಾಜಿದೆ. ಎರಡರಿಂದ ಆರರವರೆಗಿನ ಜೋಡಿ ಬಂದಾಗ ಮಾತ್ರ, ಫ್ಲಾಪ್ (ಮೇಜಿನ ಮೇಲೆ ತೆರೆಯುವ ಮೊದಲ ಮೂರು ಎಲೆ) ಬಿದ್ದು ಸೆಟ್ (ಜೋಡಿಗೆ ಸೇರುವ ಅದೇ ಅಂಕಿಯ ಮೂರನೇ ಎಲೆ) ಬರದಿದ್ದರೆ ತಲೆ ಓಡುವುದಿಲ್ಲ.

ಕಳೆದ ಶನಿವಾರದ ಒಂದು ಕೈ ಹೇಳುತ್ತೇನೆ. ಮೊದಲ ಸರದಿಯಲ್ಲೇ ಕುಳಿತಿದ್ದ ಹಿರಿಯರೊಬ್ಬರು 15 ಡಾಲರಿಗೆ ರೇಸ್ ಮಾಡಿದರು, ಅಂದರೆ ಪಣ ಏರಿಸಿದರು. ಸಂಜೆಯೆಲ್ಲ ಹೆಚ್ಚು ಕೈಗಳನ್ನು ಬಿಸಾಡುತ್ತ, ಕಾಫಿ ಕುಡಿಯುತ್ತ ಕುಳಿತಿದ್ದವರು ಅವರು. ಬಟನ್‌ನಲ್ಲಿದ್ದ (ಫ್ಲಾಪ್‌ನಿಂದ ಮುಂದೆ ಕೊನೆಯ ಸರದಿಯ) ನಾನು ಐದರ ಜೋಡಿ ಹಿಡಿದು ಕಾಲ್ ಮಾಡಿದೆ (ಅಷ್ಟೇ ಹಣ ಹಾಕಿದೆ), ದೊಡ್ಡ ಬ್ಲೈಂಡ್‌ನವನೂ ಮಾಡಿದ. ಪಾಟ್ (ಮಧ್ಯದಲ್ಲಿ ಸೇರಿದ ಒಟ್ಟು ಹಣ) 46 ಡಾಲರ್. ಫ್ಲಾಪ್‌ನಲ್ಲಿ ಆಟೀನು ರಾಣಿ, ಕಳಾವರು ಎಂಟು, ಇಸ್ಪೀಟು ಮೂರು. ಬ್ಲೈಂಡ್‌ನವನು ಚೆಕ್ ಮಾಡಿದ (ಹಣ ಇಡದೆ ಸರದಿ ದಾಟಿಸಿದ), ಹಿರಿಯರು 20 ಡಾಲರ್ ಇಟ್ಟರು, ನಾನು ಕಾಲ್ ಮಾಡಿದೆ, ಬ್ಲೈಂಡ್‌ನವನು ಬಿಟ್ಟ. ಟರ್ನ್‌ನಲ್ಲಿ, ಅಂದರೆ ನಾಲ್ಕನೇ ಎಲೆಯಾಗಿ, ಡೈಮಂಡು ನಾಲ್ಕು ಬಿತ್ತು. ಹಿರಿಯರು 50 ಇಟ್ಟರು, ನಾನು ಕೈ ಬಿಟ್ಟೆ.

ಪಕ್ಕದಲ್ಲಿ ಕುಳಿತಿದ್ದವನ ಸಲಹೆ ಸರಳ: ‘ಸೆಟ್ ಬಂದರೆ ಆಡು, ಬರದಿದ್ದರೆ ಬಿಸಾಡು.’ ನಾನು ನೋಡುವ ವಿಡಿಯೊಗಳಲ್ಲಿ ಹೇಳುವುದು ಇದಕ್ಕೆ ತದ್ವಿರುದ್ಧ: ಸಣ್ಣ ಬೆಟ್‌ಗೆಲ್ಲ ಜೋಡಿ ಬಿಸಾಡಿದರೆ ಎದುರಾಳಿ ನಿಮ್ಮನ್ನು ತುಳಿಯುತ್ತಾನಂತೆ. 86 ಡಾಲರ್ ಆಗುವ ಪಾಟ್‌ಗೆ 20 ಹಾಕುವುದು ಅಷ್ಟೇನೂ ದುಬಾರಿಯಲ್ಲ ಎನಿಸಿತು. ಯಾರ ಮಾತು ಕೇಳಲಿ?

ಹಳೆ ಗುಲಾಮ ಉತ್ತರಿಸಿದ್ದಾರೆ:

ಪಕ್ಕದವನ ಮಾತು ಮುಕ್ಕಾಲು ಸರಿ. ವಿಡಿಯೊದವರ ಮಾತು ಪೂರ್ತಿ ಸರಿ, ಆದರೆ ಅವರು ಆಡುವ ಮೇಜಿನಲ್ಲಿ ನಿಮ್ಮ ಹಿರಿಯರು ಕುಳಿತಿರುವುದಿಲ್ಲ.

ಮೊದಲು ಲೆಕ್ಕ. ಇಂಥವರು ಮೊದಲ ಸರದಿಯಿಂದ 15 ಡಾಲರ್ ಇಡುವುದು ಹತ್ತರ ಜೋಡಿ ಅಥವಾ ಮೇಲಿನ ಜೋಡಿ, ಎಕ್ಕ-ರಾಜ, ಎಕ್ಕ-ರಾಣಿ ಇದ್ದಾಗ ಎಂದಿಟ್ಟುಕೊಳ್ಳಿ. ಬೋರ್ಡ್‌ನಲ್ಲಿ (ಮೇಜಿನ ಮೇಲಿನ ಎಲೆಗಳಲ್ಲಿ) ಒಂದು ರಾಣಿ ಬಿದ್ದಿರುವುದರಿಂದ ಎಕ್ಕ-ರಾಣಿ 12 ಬಗೆಯಲ್ಲಿ ಬರಬಹುದು, ರಾಣಿ ಜೋಡಿ 3 ಬಗೆಯಲ್ಲಿ. ಹತ್ತು, ಗುಲಾಮ, ರಾಜ, ಎಕ್ಕ ಜೋಡಿಗಳು ತಲಾ 6. ಒಟ್ಟು 39. ಇವೆಲ್ಲ ನಿಮ್ಮ ಐದರ ಜೋಡಿಗಿಂತ ಮುಂದೆ. ನೀವು ಮುಂದಿರುವುದು ಎಕ್ಕ-ರಾಜದ ಎದುರು ಮಾತ್ರ, ಅದು 16. ಅಂದರೆ 55ರಲ್ಲಿ 16 ಸಲ, ಶೇಕಡಾ 29. 86ರ ಪಾಟ್‌ಗೆ 20 ಹಾಕಲು ಬೇಕಿರುವುದು ಶೇಕಡಾ 23. ಕಾಗದದ ಮೇಲೆ ಕಾಲ್ ಸರಿ! ವಿಡಿಯೊದವರು ಇಲ್ಲಿಗೆ ನಿಲ್ಲಿಸುತ್ತಾರೆ.

ಇಲ್ಲಿಗೆ ನಿಲ್ಲಿಸಬಾರದು. ಮೊದಲನೆಯದಾಗಿ, ಈ 16 ಬಗೆಯ ಎಕ್ಕ-ರಾಜವನ್ನು ಆ ಹಿರಿಯರು ಪ್ರತಿ ಸಲ ಬೆಟ್ ಮಾಡುತ್ತಾರೆಯೇ? ರಾಣಿ ಬಿದ್ದ ಬೋರ್ಡ್‌ನಲ್ಲಿ, ಇಬ್ಬರ ಎದುರು? ನನ್ನ ಮೇಜಿನ ಹಿರಿಯರು ಅರ್ಧಕ್ಕರ್ಧ ಸಲ ಚೆಕ್ ಮಾಡುತ್ತಾರೆ. ಆ 16 ಅರ್ಧವಾದರೆ 47ರಲ್ಲಿ 8, ಶೇಕಡಾ 17. ಕಾಲ್ ಆಗಲೇ ನಷ್ಟದ್ದು. ಎರಡನೆಯದಾಗಿ, ಅವರ ಕೈಯಲ್ಲಿ ಎಕ್ಕ-ರಾಜವೇ ಇದ್ದರೂ ರಿವರ್ (ಐದನೆಯ, ಕೊನೆಯ ಎಲೆ) ಹೊತ್ತಿಗೆ ಎಕ್ಕವೋ ರಾಜವೋ ಬೀಳುವುದು ನಾಲ್ಕರಲ್ಲಿ ಒಂದು ಸಲ. ಮೂರನೆಯದು ಎಲ್ಲಕ್ಕಿಂತ ದೊಡ್ಡದು: ಟರ್ನ್‌ನಲ್ಲಿ 50 ಬಂದಾಗ ನೀವು ಬಿಟ್ಟಿರಿ. ಆಗ ಅವರ ಬಳಿ ಎಕ್ಕ-ರಾಜ ಇತ್ತೋ ಎಕ್ಕ-ರಾಣಿ ಇತ್ತೋ ನಿಮಗೆ ಗೊತ್ತಿಲ್ಲ, ಎರಡಕ್ಕೂ ಬಿಡುತ್ತಿದ್ದಿರಿ. ಟರ್ನ್‌ನಲ್ಲಿ ಖಂಡಿತ ಬಿಡುವ ಕೈಗೆ ಫ್ಲಾಪ್‌ನಲ್ಲಿ 20 ಡಾಲರ್ ಕೊಡುವುದು ಏತಕ್ಕೆ? ಟರ್ನ್‌ನಲ್ಲಿ ಇನ್ನೊಂದು ಐದು ಬೀಳುತ್ತದೆಂಬ ಆಸೆಗೆ ಎನ್ನುವುದಾದರೆ, ಕಾಣದ 47 ಎಲೆಗಳಲ್ಲಿ ಐದು ಇರುವುದು ಎರಡೇ. ನೂರಕ್ಕೆ ನಾಲ್ಕು ಸಲ.

ಆ 20 ಡಾಲರಿನ ಬೆಟ್‌ಗೆ ನಿಮ್ಮ ಹಿಂದಿದ್ದ ಬ್ಲೈಂಡ್‌ನವನು ಇನ್ನೂ ಉತ್ತರ ಕೊಟ್ಟಿರಲಿಲ್ಲ ಎಂಬುದನ್ನೂ ಮರೆಯಬೇಡಿ.

ಇನ್ನೊಂದು ವಿಷಯ. ‘ಬೋರ್ಡ್‌ನಲ್ಲಿ ದೊಡ್ಡ ಎಲೆ ಬಿತ್ತು, ಆದ್ದರಿಂದ ಹೆದರಿದೆ’ ಎಂದು ಅನೇಕರು ಬರೆಯುತ್ತಾರೆ. ಐದರ ಜೋಡಿಗೆ ದೊಡ್ಡ ಎಲೆ ಬೀಳದ ಫ್ಲಾಪ್ ನೂರಕ್ಕೆ ಎರಡು ಸಲವೂ ಬರುವುದಿಲ್ಲ. ಎರಡರ ಜೋಡಿಗಂತೂ ಅಂಥ ಫ್ಲಾಪ್ ಎಂಬುದೇ ಇಲ್ಲ. ಹಾಗಾಗಿ ಎಲೆ ನೋಡಿ ನಿರ್ಧರಿಸುವುದನ್ನು ಬಿಡಿ. ಎದುರಿಗೆ ಎಷ್ಟು ಜನರಿದ್ದಾರೆ, ಬೆಟ್ ಮಾಡಿದವರು ಯಾರು, ಇವೆರಡೇ ಪ್ರಶ್ನೆ. ಇಬ್ಬರು ಅಥವಾ ಹೆಚ್ಚು ಜನರಿದ್ದು ಒಬ್ಬರು ಬೆಟ್ ಮಾಡಿದರೆ ಬಿಸಾಡಿ, ಕಾಫಿಗೆ ಹೇಳಿ. ಒಂದೇ ಒಂದು ವಿನಾಯಿತಿ: ಬೋರ್ಡ್ 3-4-6 ಥರ ಬಿದ್ದು ಐದರ ಜೋಡಿಗೆ ಎರಡೂ ಕಡೆ ತೆರೆದ ಸ್ಟ್ರೇಟ್‌ನ (ಸಾಲಾಗಿ ಐದು ಎಲೆ) ಅವಕಾಶ ಸಿಕ್ಕರೆ. ಆಗ ನಿಮ್ಮ ಕೈ ಸುಧಾರಿಸುವ ಎಲೆಗಳು ಹತ್ತು, ರಿವರ್ ಹೊತ್ತಿಗೆ ನೂರಕ್ಕೆ 38 ಸಲ ಬರುತ್ತವೆ. ಅದು ಬೇರೆಯೇ ಕೈ, ಹಾಗೆಯೇ ಆಡಿ.

ಹಿರಿಯರ ಕಣ್ಣನ್ನು ಗಮನಿಸುವುದನ್ನೂ ಅಭ್ಯಾಸ ಮಾಡಿಕೊಳ್ಳಿ. ಫ್ಲಾಪ್ ತಪ್ಪಿದವರು ಬೋರ್ಡ್ ಅನ್ನೇ ದಿಟ್ಟಿಸುತ್ತ ಕೂರುತ್ತಾರೆ, ಇನ್ನೊಮ್ಮೆ ನೋಡಿದರೆ ಎಕ್ಕ ಕಂಡೀತು ಎಂಬಂತೆ. ಬೇಕಾದ ಎಲೆ ಸಿಕ್ಕವರು ಬೋರ್ಡ್ ಅನ್ನು ಅರೆಕ್ಷಣ ನೋಡಿ ತಮ್ಮ ಚಿಪ್‌ಗಳ ಕಡೆ ಕಣ್ಣು ಹಾಯಿಸುತ್ತಾರೆ, ಆಮೇಲೆ ಗೋಡೆಯ ಟಿವಿ ನೋಡುತ್ತಾರೆ. ಫ್ಲಾಪ್ ಬೀಳುವಾಗ ನೀವು ಫ್ಲಾಪ್ ನೋಡಬೇಡಿ, ಅದು ಎಲ್ಲಿಗೂ ಓಡಿಹೋಗುವುದಿಲ್ಲ. ಅವರ ಮುಖ ನೋಡಿ.

ಕಳಾವರ್ ರಾಣಿ ಉತ್ತರಿಸಿದ್ದಾರೆ:

ಲಾಸ್ ವೇಗಸ್ ಹತ್ತಿರದ ಹೆಂಡರ್ಸನ್‌ನಲ್ಲಿರುವವಳು. ಐದರ ಜೋಡಿಯವರು ಹೇಳಿದ ಕೈಗೆ ಗುಲಾಮರ ಉತ್ತರ ಸರಿಯಾಗಿದೆ, ಆದರೆ ಅದನ್ನು ಓದಿದವರು ಸಣ್ಣ ಜೋಡಿಯೊಂದಿಗೆ ಎಂದೂ ಬೆಟ್ ಮಾಡಬಾರದು ಎಂದುಕೊಂಡಾರು. ಬೇರೆಯವರು ರೇಸ್ ಮಾಡಿ ನೀವು ಹಿಂದೆ ಹೋಗುವುದು ಒಂದು ಆಟ, ರೇಸ್ ಮಾಡಿದವರು ನೀವೇ ಆಗಿರುವುದು ಇನ್ನೊಂದು.

ಉದಾಹರಣೆಗೆ, ಎಲ್ಲರೂ ಬಿಟ್ಟು ಬಟನ್‌ನಲ್ಲಿ ನಿಮಗೆ ಐದರ ಜೋಡಿ ಬಂದಿದೆ, 12ಕ್ಕೆ ರೇಸ್ ಮಾಡಿದಿರಿ, ದೊಡ್ಡ ಬ್ಲೈಂಡ್ ಒಬ್ಬನೇ ಕಾಲ್ ಮಾಡಿದ. ಪಾಟ್ 25. ಫ್ಲಾಪ್ ರಾಜ-7-2, ಮೂರೂ ಬೇರೆ ಬೇರೆ ಜಾತಿ. ಅವನು ಚೆಕ್ ಮಾಡುತ್ತಾನೆ. ಇಲ್ಲಿ 8 ಡಾಲರ್ ಇಡಿ. ಅವನು ನಾಲ್ಕರಲ್ಲಿ ಒಂದು ಸಲ ಬಿಟ್ಟರೂ ನಿಮಗೆ ನಷ್ಟವಿಲ್ಲ. ಜೋಡಿಯಲ್ಲದ ಎರಡು ಎಲೆಗಳು ಫ್ಲಾಪ್‌ನಲ್ಲಿ ಜೋಡಿಯಾಗದೆ ಹೋಗುವುದು ಮೂರರಲ್ಲಿ ಎರಡು ಸಲ, ಅದರಲ್ಲೂ ಇಂಥ ಒಣ ಬೋರ್ಡ್‌ನಲ್ಲಿ ಹಿಡಿದುಕೊಳ್ಳಲು ಅವನಿಗೆ ಬೇರೆ ಏನೂ ಇರುವುದಿಲ್ಲ.

ಇದನ್ನು ಬ್ಲಫ್ ಎಂದು ಕೆಲವರು ಕರೆಯುತ್ತಾರೆ, ನನಗೆ ಒಪ್ಪಿಗೆಯಿಲ್ಲ. ಅವನ ಬಳಿ ಗುಲಾಮ-ಒಂಬತ್ತು ಇದ್ದರೆ ಈಗ ಮುಂದಿರುವವರು ನೀವು. ಆದರೆ ಅವನನ್ನು ಮುಂದೆ ದಾಟಿಸುವ ಎಲೆಗಳು ಆರಿವೆ. ಪುಕ್ಕಟೆಯಾಗಿ ಎರಡು ಎಲೆ ತೋರಿಸಿದರೆ ನಾಲ್ಕರಲ್ಲಿ ಒಂದು ಸಲ ಅವನು ಗೆದ್ದುಕೊಂಡು ಹೋಗುತ್ತಾನೆ. 8 ಡಾಲರಿಗೆ ಆ ಕೈಯನ್ನು ಕಸದ ಬುಟ್ಟಿಗೆ ಕಳಿಸಿದರೆ ಅದಕ್ಕಿಂತ ಒಳ್ಳೆಯ ವ್ಯಾಪಾರ ಉಂಟೇ?

ಆದರೆ ಒಂದೇ ಬೆಟ್. ಕಾಲ್ ಮಾಡಿದರೆ ಟರ್ನ್‌ನಲ್ಲಿ ಚೆಕ್, ರಿವರ್‌ನಲ್ಲೂ ಚೆಕ್. ಅವನೇ ಬೆಟ್ ಮಾಡಿದರೆ ಬಿಡಿ. 1–3ರ ಮೇಜಿನಲ್ಲಿ ಫ್ಲಾಪ್‌ಗೆ ಕಾಲ್ ಮಾಡಿದವನು ರಾಜನನ್ನು ಬಿಡುವುದಿಲ್ಲ, ಏಳನ್ನೂ ಬಿಡುವುದಿಲ್ಲ. ನಾನು ಆಡುವ ಕಡೆ ಎರಡರ ಜೋಡಿಯೊಂದಿಗೆ ರಿವರ್‌ವರೆಗೆ ಕಾಲ್ ಮಾಡುವ ಪ್ರವಾಸಿಗರೂ ಇದ್ದಾರೆ, ದೇವರು ಅವರನ್ನು ಚೆನ್ನಾಗಿಟ್ಟಿರಲಿ.

ಹಳೆ ಗುಲಾಮ ಉತ್ತರಿಸಿದ್ದಾರೆ:

ರಾಣಿಯವರ ಮಾತು ಒಪ್ಪಿದೆ, ಒಂದು ತಿದ್ದುಪಡಿಯೊಂದಿಗೆ. ರಾಣಿಯವರಿರುವ ನೆವಾಡಾದಲ್ಲಿ ಮನೆಯವರು, ಅಂದರೆ ಆಟ ನಡೆಸುವವರು, ಸಾಮಾನ್ಯವಾಗಿ ಪಾಟ್‌ನ ಶೇಕಡಾವಾರು ತೆಗೆಯುತ್ತಾರೆ, ಅದಕ್ಕೊಂದು ಮಿತಿಯೂ ಇರುತ್ತದೆ. ಕ್ಯಾಲಿಫೋರ್ನಿಯಾದ ಕಾನೂನಿನ ಪ್ರಕಾರ ಕಾರ್ಡ್ ರೂಮ್‌ನವರು ಪಾಟ್‌ನಲ್ಲಿ ಪಾಲು ಕೇಳುವಂತಿಲ್ಲ, ಕೈಗೆ ಇಷ್ಟು ಎಂದು ಮೊದಲೇ ಗೊತ್ತುಪಡಿಸಿದ ಮೊತ್ತ ತೆಗೆಯಬೇಕು. ಕೇಳಲು ನ್ಯಾಯವಾಗಿದೆ. ಆದರೆ 25 ಡಾಲರಿನ ಪಾಟ್‌ನಿಂದಲೂ ಐದಾರು ಡಾಲರ್, 600ರ ಪಾಟ್‌ನಿಂದಲೂ ಹೆಚ್ಚುಕಡಿಮೆ ಅಷ್ಟೇ. 25ರಲ್ಲಿ 6 ಹೋದರೆ ಉಳಿಯುವುದು 19. ರಾಣಿಯವರ 8 ಡಾಲರಿನ ಬೆಟ್ ಅಲ್ಲಿ ನಾಲ್ಕರಲ್ಲಿ ಒಂದು ಸಲವಲ್ಲ, ನೂರಕ್ಕೆ 30 ಸಲ ಕೆಲಸ ಮಾಡಬೇಕು. ಈಗಲೂ ಲಾಭವೇ, ಬೆಟ್ ಮಾಡಿ. ಆದರೆ ನಾಲ್ಕು ಜನ 3-3 ಡಾಲರ್ ಹಾಕಿದ ಪಾಟ್‌ಗಾಗಿ ಜಾಣತನ ತೋರಿಸಲು ಹೋಗಬೇಡಿ. ಅದರಲ್ಲಿ ಅರ್ಧ ಆಗಲೇ ಮೇಜಿನ ಕಿಂಡಿಯೊಳಗೆ ಬಿದ್ದಿರುತ್ತದೆ.

ಕುಂದಾಪುರದವ ಉತ್ತರಿಸಿದ್ದಾರೆ:

ಊರಿನಿಂದ ಓದುತ್ತಿರುವವರಿಗೆ ಒಂದು ಮಾತು. ಆನ್‌ಲೈನ್‌ನಲ್ಲಿ ಎರಡು ರೂಪಾಯಿ, ಐದು ರೂಪಾಯಿ ಬ್ಲೈಂಡ್‌ನ ಮೇಜುಗಳಲ್ಲಿ ಇದನ್ನೆಲ್ಲ ಕಲಿಯುತ್ತಿದ್ದ ಕಾಲ ಮುಗಿದಿದೆ. ಕರ್ನಾಟಕ ಸರ್ಕಾರ 2021ರಲ್ಲಿ ತಂದ ನಿಷೇಧವನ್ನು ಹೈಕೋರ್ಟ್ 2022ರ ಫೆಬ್ರವರಿಯಲ್ಲಿ ತಳ್ಳಿಹಾಕಿತ್ತು. ಆದರೆ 2025ರ ಆಗಸ್ಟ್‌ನಲ್ಲಿ ಸಂಸತ್ತು ಒಪ್ಪಿದ ಕಾನೂನು ಕೌಶಲದ ಆಟ, ಅದೃಷ್ಟದ ಆಟ ಎಂಬ ಭೇದವನ್ನೇ ಬದಿಗಿಟ್ಟು ಹಣ ಇಟ್ಟು ಆಡುವ ಆನ್‌ಲೈನ್ ಆಟಗಳನ್ನೆಲ್ಲ ದೇಶದಾದ್ಯಂತ ನಿಷೇಧಿಸಿದೆ. ಹಣವಿಲ್ಲದ ಚಿಪ್‌ಗಳಲ್ಲಿ ಅಭ್ಯಾಸ ಮಾಡಬಹುದು, ಆದರೆ ಅಲ್ಲಿ ಯಾರೂ ಕೈ ಬಿಡುವುದಿಲ್ಲ. ಹಾಗಾಗಿ ರಾಣಿಯವರ 8 ಡಾಲರಿನ ಬೆಟ್ ಅನ್ನು ಅಲ್ಲಿ ಪರೀಕ್ಷಿಸಲು ಹೋಗಬೇಡಿ.

ನನ್ನ ಪ್ರಶ್ನೆ ಬೇರೆ. ಆ 15 ಡಾಲರಿನ ಕಾಲ್ ಮೊದಲು ಸರಿಯಿತ್ತೇ? ಅದರ ಬಗ್ಗೆ ಯಾರೂ ಹೇಳಲಿಲ್ಲ.

ಹಳೆ ಗುಲಾಮ ಉತ್ತರಿಸಿದ್ದಾರೆ:

ಸರಿಯಿತ್ತು, ಇಬ್ಬರ ಮುಂದೆಯೂ 300ರ ಹತ್ತಿರ ಇತ್ತು ಎಂಬ ಕಾರಣಕ್ಕೆ. ಜೋಡಿ ಹಿಡಿದವರಿಗೆ ಫ್ಲಾಪ್‌ನಲ್ಲಿ ಸೆಟ್ ಅಥವಾ ಅದಕ್ಕಿಂತ ಒಳ್ಳೆಯದು ಬರುವುದು ನೂರಕ್ಕೆ 11.8 ಸಲ, ಅಂದರೆ ಎಂಟೂವರೆ ಸಲಕ್ಕೆ ಒಮ್ಮೆ. ಏಳೂವರೆ ಸಲ 15 ಡಾಲರ್ ಕಳೆದರೆ ಸುಮಾರು 112 ಆಯಿತು. ಬಂದ ಒಂದು ಸಲದಲ್ಲಿ ಅಷ್ಟಾದರೂ ವಸೂಲಾಗಬೇಕು. ಸೆಟ್ ಬಂದಾಗಲೆಲ್ಲ ಎದುರಿನವರು ದುಡ್ಡು ಕೊಡುವುದಿಲ್ಲ, ಕೆಲವೊಮ್ಮೆ ಸೆಟ್ ಹಿಡಿದೂ ಸೋಲುತ್ತೇವೆ. ಆದ್ದರಿಂದ ಕಾಲ್ ಮಾಡುವ ಮೊತ್ತದ ಹದಿನೈದು ಪಟ್ಟಾದರೂ ಇಬ್ಬರ ಮುಂದೆಯೂ ಇರಲಿ ಎಂಬುದು ನಾನು ಪಾಲಿಸುವ ನಿಯಮ. ಹಿರಿಯರ ಮುಂದೆ 90 ಡಾಲರ್ ಮಾತ್ರ ಉಳಿದಿದ್ದರೆ ಐದರ ಜೋಡಿಯನ್ನು ಫ್ಲಾಪ್‌ಗೆ ಮೊದಲೇ ಬಿಸಾಡಬೇಕು. ನಮ್ಮ ಮೇಜಿನಲ್ಲಿ ಹತ್ತು ಜನರಿದ್ದರೆ ಎಂಟು ಜನ ತಮ್ಮ ಚಿಪ್ ಎಣಿಸುತ್ತಾರೆ, ಎದುರಿನವರದ್ದನ್ನು ಎಣಿಸುವುದಿಲ್ಲ.

ಐದರ ಜೋಡಿ ಬರೆದಿದ್ದಾರೆ:

ಎಲ್ಲರಿಗೂ ಧನ್ಯವಾದ. ಹಾಗಾದರೆ ಸೆಟ್ ಬಂದಾಗಿನ ಕಥೆಯನ್ನೂ ಹೇಳಿಬಿಡಿ. ಅದೇ 46 ಡಾಲರಿನ ಪಾಟ್, ಅದೇ ಹಿರಿಯರು, ಫ್ಲಾಪ್ ರಾಣಿ-8-5 ಎಂದುಕೊಳ್ಳಿ, ಅವರು ಚೆಕ್ ಮಾಡಿದರು. ನಾನೂ ಚೆಕ್ ಮಾಡಿ ಬಲೆ ಬೀಸಬೇಕೇ? ಇನ್ನೊಂದು: ನಾಲ್ಕರ ಜೋಡಿಯೊಂದಿಗೆ ದೊಡ್ಡ ಬ್ಲೈಂಡ್‌ನಲ್ಲಿದ್ದೇನೆ, ಐದು ಜನ ತಲಾ 3 ಡಾಲರ್, ಫ್ಲಾಪ್‌ನಲ್ಲಿ ಡೈಮಂಡು ನಾಲ್ಕು, ಆಟೀನು ಒಂಬತ್ತು, ಆಟೀನು ಹತ್ತು. ಇಲ್ಲಿ?

ಹಳೆ ಗುಲಾಮ ಉತ್ತರಿಸಿದ್ದಾರೆ:

ಇದು ನಿಮ್ಮ ಮೊದಲ ಪ್ರಶ್ನೆಗಿಂತ ದೊಡ್ಡದು. ಫ್ಲಾಪ್ ತಪ್ಪಿದಾಗ ಹೋಗುವುದು 20 ಡಾಲರ್. ಸೆಟ್ ಹಿಡಿದು ಚೆಕ್ ಮಾಡುತ್ತ ಕುಳಿತರೆ ಹೋಗುವುದು ಅದರ ಎಂಟು ಪಟ್ಟು, ಆದರೆ ಅದು ನಿಮ್ಮ ಜೇಬಿನಿಂದ ಹೋಗುವುದು ಕಾಣಿಸುವುದಿಲ್ಲ. ಗೆದ್ದೆ ಎಂದು ಖುಷಿಯಿಂದ ಮನೆಗೆ ಹೋಗುತ್ತೀರಿ.

ಮನೆಯವರ ಪಾಲನ್ನು ಬದಿಗಿಟ್ಟು ಲೆಕ್ಕ ಹಾಕಿ. ಪಾಟ್ 46, ನಿಮ್ಮ ಮುಂದೆ 285. ಫ್ಲಾಪ್‌ನಲ್ಲಿ 30 ಇಟ್ಟಿರಿ, ಒಬ್ಬರು ಕಾಲ್ ಮಾಡಿದರು, ಪಾಟ್ 106. ಟರ್ನ್‌ನಲ್ಲಿ 75, ಕಾಲ್, ಪಾಟ್ 256. ರಿವರ್‌ನಲ್ಲಿ ಉಳಿದ 180. ಎಲ್ಲವೂ ಒಳಗೆ ಹೋಯಿತು, ಮೂರು ಬೆಟ್‌ಗಳಲ್ಲಿ ಒಂದೂ ಪಾಟ್‌ಗಿಂತ ದೊಡ್ಡದಲ್ಲ, ಯಾರೂ ಹುಬ್ಬೇರಿಸುವುದಿಲ್ಲ. ಈಗ ಫ್ಲಾಪ್‌ನಲ್ಲಿ ಚೆಕ್ ಮಾಡಿ ನೋಡಿ. ಟರ್ನ್‌ನಲ್ಲಿ 35, ಪಾಟ್ 116. ರಿವರ್‌ನಲ್ಲಿ 90. ಒಟ್ಟು 125. ಎಕ್ಕ-ರಾಣಿ ಹಿಡಿದವರು ಮೊದಲ ಲೆಕ್ಕದಲ್ಲೂ ಬಿಡುತ್ತಿರಲಿಲ್ಲ, ಎರಡನೆಯದರಲ್ಲೂ ಬಿಡಲಿಲ್ಲ, ಆದರೆ 160 ಡಾಲರ್ ಅವರ ಬಳಿಯೇ ಉಳಿಯಿತು. ಏನೂ ಇಲ್ಲದವರು ಯಾವ ಲೆಕ್ಕದಲ್ಲೂ ಕೊಡುವುದಿಲ್ಲ, ಅವರಿಗಾಗಿ ಬಲೆ ಏಕೆ? ಕಡಿಮೆ ಮೊತ್ತದ ಮೇಜಿನಲ್ಲಿ ಜನ ಬರುವುದೇ ಕಾಲ್ ಮಾಡಲಿಕ್ಕೆ. ಅವರಿಗೆ ಆ ಅವಕಾಶ ಕೊಡಿ.

ಎರಡನೇ ಕೈಗೆ ಪಾಟ್ 15, ಬೆಟ್ ಕೂಡ 15. ಐದು ಜನರಲ್ಲಿ ಯಾರ ಬಳಿಯೋ ಎರಡು ಆಟೀನು ಇರುತ್ತದೆ, ಯಾರ ಬಳಿಯೋ ಗುಲಾಮ-ರಾಣಿ, ಇನ್ನೊಬ್ಬರ ಬಳಿ ಏಳು-ಎಂಟು, ಮತ್ತೊಬ್ಬರ ಬಳಿ ಎಕ್ಕ-ಹತ್ತು. ಎಲ್ಲರೂ ಕೊಡುತ್ತಾರೆ. ಫ್ಲಶ್‌ಗೆ (ಒಂದೇ ಜಾತಿಯ ಐದು ಎಲೆ) ಕಾಯುವವರಿಗೆ ರಿವರ್ ಹೊತ್ತಿಗೆ ಬರುವುದು ನೂರಕ್ಕೆ 35 ಸಲ, ಸ್ಟ್ರೇಟ್‌ಗೆ ಕಾಯುವವರಿಗೆ 31 ಸಲ. ಬಂದಾಗ ನಿಮಗೆ ಹೊಟ್ಟೆ ಉರಿಯುತ್ತದೆ ನಿಜ. ಆದರೆ ನಿಮ್ಮ ಸೆಟ್ ಕೂಡ ನೂರಕ್ಕೆ 33 ಸಲ ಫುಲ್ ಹೌಸ್ (ಒಂದೇ ಅಂಕಿಯ ಮೂರು, ಜೊತೆಗೊಂದು ಜೋಡಿ) ಅಥವಾ ನಾಲ್ಕೂ ನಾಲ್ಕು ಆಗುತ್ತದೆ, ಅದನ್ನು ಯಾರೂ ನೆನಪಿಟ್ಟುಕೊಳ್ಳುವುದಿಲ್ಲ. ಟರ್ನ್‌ನಲ್ಲಿ ಮೂರನೇ ಆಟೀನು ಬಿದ್ದ ಮಾತ್ರಕ್ಕೆ ಎಸೆದುಬಿಡಬೇಡಿ. ಉಳಿದ 46 ಎಲೆಗಳಲ್ಲಿ ಹತ್ತು ನಿಮ್ಮವು, ಬೆಲೆ ಸರಿಯಿದ್ದರೆ ರಿವರ್ ನೋಡಿ.

ಇನ್ನು ‘ನನಗಿಂತ ದೊಡ್ಡ ಸೆಟ್ ಇದ್ದರೆ?’ ಎಂಬ ಚಿಂತೆ. ಇಬ್ಬರ ಬಳಿಯೂ ಜೋಡಿ ಇದ್ದಾಗಲೇ ಇಬ್ಬರಿಗೂ ಒಟ್ಟಿಗೆ ಫ್ಲಾಪ್‌ನಲ್ಲಿ ಸೆಟ್ ಬರುವುದು ನೂರಕ್ಕೆ ಒಂದು ಸಲ. ಹಾಗಾದ ದಿನ ದುಡ್ಡು ಕೊಟ್ಟು ಎದ್ದು ಬನ್ನಿ.

ಕಳಾವರ್ ರಾಣಿ ಉತ್ತರಿಸಿದ್ದಾರೆ:

ರಾಣಿ-8-5ರಲ್ಲಿ ಒಮ್ಮೊಮ್ಮೆ ಚೆಕ್ ಮಾಡುವುದರಲ್ಲಿ ತಪ್ಪಿಲ್ಲ, ಹಿರಿಯರ ಬದಲು ಕಿವಿಗೆ ಹೆಡ್‌ಫೋನ್ ಹಾಕಿಕೊಂಡ ಹುಡುಗ ಎದುರಿಗಿದ್ದರೆ. ನೀವು ಚೆಕ್ ಮಾಡಿದ್ದನ್ನು ಅವನು ದೌರ್ಬಲ್ಯವೆಂದು ಓದಿ ಟರ್ನ್‌ನಲ್ಲಿ ಹಾರುತ್ತಾನೆ. ಹಿರಿಯರು ಹಾರುವುದಿಲ್ಲ.

ಐದರ ಜೋಡಿ ಬರೆದಿದ್ದಾರೆ:

ಕೊನೆಯ ಪ್ರಶ್ನೆ. ಆ ನಾಲ್ಕರ ಸೆಟ್‌ನಲ್ಲೇ, ಇಡೀ ಸಂಜೆ ಕಾಲ್ ಮಾತ್ರ ಮಾಡುತ್ತಿದ್ದವರು ಬೋರ್ಡ್‌ನಲ್ಲಿ ಮೂರು ಆಟೀನು ಬಿದ್ದ ಮೇಲೆ ರಿವರ್‌ನಲ್ಲಿ ನನ್ನ 60ಕ್ಕೆ 160 ಎಂದು ರೇಸ್ ಮಾಡಿದರೆ?

ಹಳೆ ಗುಲಾಮ ಉತ್ತರಿಸಿದ್ದಾರೆ:

ಬಿಡಿ. ಮುಖ ತೋರಿಸಿ ನರಳಬೇಡಿ, ಎಲೆ ತಿರುಗಿಸಿ ಎಲ್ಲರಿಗೂ ತೋರಿಸಲೂ ಬೇಡಿ. ಅವರ ಬಳಿ ಎರಡು ಆಟೀನು ಇದೆ. ಕಾಲ್ ಮಾತ್ರ ಮಾಡುವವರು ರಿವರ್‌ನಲ್ಲಿ ತಮಾಷೆಗೆ ರೇಸ್ ಮಾಡಿದ್ದನ್ನು ನಾನು ಕಂಡಿಲ್ಲ. ಬೋರ್ಡ್‌ನಲ್ಲಿ ಜೋಡಿ ಬಿದ್ದು ನಿಮ್ಮದು ಫುಲ್ ಹೌಸ್ ಆಗಿದ್ದರೆ ಮಾತ್ರ ಉಳಿದಿದ್ದನ್ನೆಲ್ಲ ಅವರ ಮುಂದೆ ತಳ್ಳಿ. ಫ್ಲಶ್ ಸಿಕ್ಕವರು ಬೋರ್ಡ್ ಜೋಡಿಯಾದದ್ದನ್ನು ನೋಡುವುದೇ ಇಲ್ಲ, ಎರಡೇ ಕ್ಷಣದಲ್ಲಿ ಕಾಲ್ ಮಾಡುತ್ತಾರೆ.